ಭೂತದ ಚಿತ್ರಗಳಿಗೆ ಶುದ್ಧಪಾಠ

ಪ್ರಾಚೀನ ಕಾವ್ಯವನ್ನು ಸಂಪಾದಿಸಹೊರಟ ವಿದ್ವಾಂಸನ ಮುಂದೆ ಮೊದಲು ಬಂದು ನಿಲ್ಲುವ ಪ್ರಶ್ನೆಯೆಂದರೆ, ಓಲೆಯ ಪ್ರತಿಯಲ್ಲಿ ಕಾಣುವ ತಪ್ಪು ಕವಿಯದೋ ಲಿಪಿಕಾರನದೋ ಎಂಬುದು. ಲಿಪಿಕಾರನ ತಪ್ಪನ್ನು ತಿದ್ದುವುದು ಸಂಪಾದಕನ ಕರ್ತವ್ಯ. ಕವಿಯ ತಪ್ಪನ್ನು ತಿದ್ದುವುದು ಅವನ ಅಧಿಕಾರವನ್ನು ಮೀರಿದ ಕಾರ್ಯ. ಡಿ. ಎಲ್. ನರಸಿಂಹಾಚಾರ್ಯರು 1964ರಲ್ಲಿ ಪ್ರಕಟವಾದ ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಈ ಶಾಸ್ತ್ರಕ್ಕೆ ಕನ್ನಡದಲ್ಲಿ ಗಟ್ಟಿಯಾದ ತಳಹದಿಯನ್ನು ಹಾಕಿಕೊಟ್ಟರು. ಅವರ ಕಾಲದಲ್ಲಿ ಈ ವಿಚಾರ ಓಲೆಗರಿ, ಕಾಗದ, ಶಿಲೆಗಳಿಗೆ ಸಂಬಂಧಿಸಿದುದಾಗಿತ್ತು. ಈಗ ಅದೇ ಪ್ರಶ್ನೆ ಚಲಚ್ಚಿತ್ರದ ಸುರುಳಿಗಳ ವಿಷಯದಲ್ಲಿಯೂ ಎದ್ದಿದೆ. ಹಳೆಯ ಚಿತ್ರವೊಂದನ್ನು ಮತ್ತೆ ಶುದ್ಧಗೊಳಿಸಿ, ಜನ ತಮ್ಮ ಮನೆಗಳಲ್ಲಿ ನೋಡುವಂತೆ ಸಿದ್ಧಪಡಿಸುವ ಕೆಲಸ ಯಂತ್ರಜ್ಞನ ಕೆಲಸವೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಅದು ವಾಸ್ತವವಾಗಿ ಸಂಪಾದಕನ ಕೆಲಸ, ಆದುದರಿಂದ ವಿಮರ್ಶಕನ ಪರಿಶೀಲನೆಗೂ ಒಳಗಾಗತಕ್ಕ ಕೆಲಸ ಎಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಇದಕ್ಕೆ ನಾವು ಆರಿಸಿಕೊಂಡಿರುವುದು ಉತ್ತಮ ಚಿತ್ರಗಳೆಂದು ಪಂಡಿತರು ಒಪ್ಪಿದ ಕೃತಿಗಳನ್ನಲ್ಲ. ಅಲ್ಪವೆಚ್ಚದಲ್ಲಿ ತಯಾರಾದ ಭೂತ, ಪಿಶಾಚ, ವಿಕೃತಜೀವಿಗಳ ಚಿತ್ರಗಳನ್ನು. ಈ ಆಯ್ಕೆಗೆ ಕಾರಣವುಂಟು. ಮಹಾಕೃತಿಯಲ್ಲಿ ದೋಷ ಕಂಡರೆ ಅದು ಕಾಲದ ದೋಷವಿರಬೇಕೆಂದು ಊಹಿಸುವುದು ಸುಲಭ. ಅಗ್ಗದ ಭೂತದ ಚಿತ್ರದಲ್ಲಾದರೋ ಕರ್ತೃವಿನ ದೋಷಗಳೇ ಹೇರಳವಾಗಿರುತ್ತವೆ. ಕಾಲದ ದೋಷಗಳು ಅವುಗಳೊಡನೆ ಬೆರೆತು ಒಂದನ್ನೊಂದು ಗುರುತಿಸಲಾಗದ ಹಾಗಾಗಿರುತ್ತವೆ. ಮುಖವಾಡದ ಹೊಲಿಗೆ ಕಾಣುವುದು ಕರ್ತೃವಿನ ದೋಷ. ಮುಖವೇ ಕಾಣದಂತೆ ಕಪ್ಪಾಗಿರುವುದು ಹಲವು ವೇಳೆ ಪ್ರತಿಯ ದೋಷ. ಎರಡನ್ನೂ ಒಟ್ಟಾಗಿ ಸೇರಿಸಿ ನಗುವವನು ಅರ್ಧ ಅನ್ಯಾಯ ಮಾಡಿದಂತಾಗುತ್ತದೆ. ಸಂಪಾದಕನ ವಿವೇಕಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆ ಬೇರೆ ಇಲ್ಲ. ಇಂಥ ಚಿತ್ರಗಳನ್ನು ಅಚ್ಚುಮೆಚ್ಚಿನಿಂದ ಮತ್ತೆ ಮತ್ತೆ ನೋಡುವ ಸಣ್ಣ ಭಕ್ತವೃಂದವೊಂದು ಎಲ್ಲ ದೇಶಗಳಲ್ಲಿಯೂ ಇದೆ. ಇವುಗಳ ರಕ್ಷಣೆ ಬಹುಮಟ್ಟಿಗೆ ಆ ವೃಂದದ ಪ್ರೀತಿಯಿಂದಲೇ ನಡೆದಿದೆ.

ಮೊದಲು ಚಿತ್ರಗಳು ಹೇಗೆ ನಾಶವಾಗುತ್ತವೆಂಬುದನ್ನು ನೋಡೋಣ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದ ಸುರುಳಿಗಳು ನೈಟ್ರೇಟ್ ಎಂಬ ದ್ರವ್ಯದವು. ಅವು ಕಿಡಿ ಸೋಕಿದರೆ ಉರಿದುಹೋಗುವುವು, ಉರಿಯದಿದ್ದರೆ ಕ್ರಮೇಣ ಅಂಟಾಗಿ ಪುಡಿಯಾಗುವುವು. ಅನಂತರ ಬಂದ ಅಸಿಟೇಟ್ ಸುರುಳಿಗಳು ಬೆಂಕಿಗೆ ಅಷ್ಟು ಸುಲಭವಾಗಿ ತುತ್ತಾಗುವುದಿಲ್ಲವಾದರೂ, ಸೆಕೆ ಮತ್ತು ತೇವಗಳಲ್ಲಿ ಹುಳಿವಾಸನೆಯನ್ನು ಬೀರುತ್ತ ಸುಕ್ಕುಗಟ್ಟಿ ಕುಗ್ಗುತ್ತವೆ. ಈ ರೋಗ ಒಂದು ಡಬ್ಬಿಯಲ್ಲಿ ತೊಡಗಿತೆಂದರೆ ಪಕ್ಕದ ಡಬ್ಬಿಗಳಿಗೂ ಹರಡುವ ಭಯವುಂಟು. ವರ್ಣಚಿತ್ರಗಳ ಪಾಡು ಬೇರೆ: 1980ರ ದಶಕದ ಆದಿಯವರೆಗೆ ಬಳಕೆಯಲ್ಲಿದ್ದ ಪ್ರತಿಗಳಲ್ಲಿ ನೀಲಿಯ ಛಾಯೆ ಮೊದಲು ಮಾಸಿ, ಕಡೆಗೆ ಕೆಂಪು ಬಣ್ಣವೊಂದೇ ನಿಲ್ಲುತ್ತದೆ. ಕಪ್ಪು ಬಿಳುಪಿನ ಪ್ರತಿಗಳನ್ನು ಬೆಳ್ಳಿಯ ಅಂಶಕ್ಕಾಗಿ ತೂಕದ ಲೆಕ್ಕದಲ್ಲಿ ಮಾರಿದ್ದೂ ಉಂಟು. ನಮ್ಮ ಅನೇಕ ಕನ್ನಡ ಚಿತ್ರಗಳ ಮೂಲ ನೆಗೆಟಿವುಗಳು ಸಂಸ್ಕರಣೆಗಾಗಿ ಮದರಾಸಿನ ಪ್ರಯೋಗಶಾಲೆಗಳಿಗೆ ಹೋದುವು. ನಿರ್ಮಾಪಕನು ಸಾಲದಲ್ಲಿ ಬಿದ್ದಾಗ, ಸಂಸ್ಥೆ ಮುಚ್ಚಿದಾಗ, ಅವುಗಳನ್ನು ಮರಳಿ ಪಡೆಯತಕ್ಕವರೇ ಇಲ್ಲವಾದರು. ಅಲ್ಪವೆಚ್ಚದ ಚಿತ್ರಗಳಿಗೆ ಈ ಗತಿ ಮೊದಲೇ ಒದಗಿತೆಂದು ಹೇಳಬೇಕಾಗಿಲ್ಲ.

ಇನ್ನು ಚಿತ್ರವು ಮನೆಯನ್ನು ಸೇರಿದ ದಾರಿ. ಮೈಸೂರು ರಸ್ತೆಯ ಬದಿಯಲ್ಲಿ, ಗಾಳಿ ಆಂಜನೇಯ ದೇವಾಲಯಕ್ಕೆ ಸಮೀಪದಲ್ಲಿರುವ ಬಾಪೂಜಿ ನಗರದಂತಹ ಬಡಾವಣೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗೋಡೆಗೆ ಗೋಡೆ ತಾಗಿದ ಮನೆಗಳು, ದುಡಿದು ಬಂದವರು, ನಡುಮನೆಯಲ್ಲಿ ಒಂದು ಟೆಲಿವಿಷನ್. 1982ರಲ್ಲಿ ದೂರದರ್ಶನದ ಪ್ರಸಾರಕ್ಕೆ ಬಣ್ಣ ಬಂದ ಮೇಲೆ ವಿಡಿಯೊ ಕ್ಯಾಸೆಟ್ಟುಗಳು ಇಂಥ ಬಡಾವಣೆಗಳಿಗೆ ಬಾಡಿಗೆಯ ರೂಪದಲ್ಲಿ ಬಂದುವು. 1990ರ ದಶಕದಲ್ಲಿ ಕೇಬಲ್ ತಂತಿಯೂ 1994ರ ಜೂನಿನಿಂದ ಉದಯ ವಾಹಿನಿಯೂ ಬಂದುವು. ಅನಂತರ ವಿಸಿಡಿ, ಡಿವಿಡಿಗಳು. ಈಗ ಕೈಯಲ್ಲಿನ ದೂರವಾಣಿಯೇ ಚಿತ್ರಮಂದಿರವಾಗಿದೆ. ಈ ಒಂದೊಂದು ಮೆಟ್ಟಿಲಿನಲ್ಲಿಯೂ ಹಿಂದಿನ ಪ್ರತಿಯಿಂದ ಮುಂದಿನ ಪ್ರತಿ ಹುಟ್ಟಿತೇ ಹೊರತು, ಮೂಲ ನೆಗೆಟಿವಿಗೆ ಮರಳಿ ಹೋದವರು ವಿರಳ. ಸವೆದ ಪ್ರದರ್ಶನ ಪ್ರತಿಯಿಂದ ಟೇಪಿಗೆ, ಟೇಪಿನಿಂದ ತಟ್ಟೆಗೆ, ತಟ್ಟೆಯಿಂದ ಜಾಲಕ್ಕೆ ಇಳಿದ ಚಿತ್ರ, ಓದು ಬಾರದ ಲಿಪಿಕಾರರ ಕೈಯಲ್ಲಿ ನಾಲ್ಕು ಬಾರಿ ನಕಲಾದ ಓಲೆಯ ಸ್ಥಿತಿಯನ್ನೇ ಹೊಂದುತ್ತದೆ. ಹಸ್ತಪ್ರತಿಗೆ ಪ್ರಕ್ಷಿಪ್ತ ಪದ್ಯಗಳು ಸೇರುವಂತೆ ಇದಕ್ಕೆ ವಾಹಿನಿಯ ಮುದ್ರೆ ಸೇರುತ್ತದೆ. ಲುಪ್ತಭಾಗಗಳಂತೆ ಹಾಡುಗಳೂ ದೃಶ್ಯಗಳೂ ಕಳಚಿಹೋಗುತ್ತವೆ. ಅಗಲವಾದ ಚೌಕಟ್ಟು ಟೆಲಿವಿಷನ್ನಿನ ಅಳತೆಗೆ ಕತ್ತರಿಸಲ್ಪಟ್ಟು, ಅಂಚಿನಲ್ಲಿ ನಿಂತಿದ್ದ ಪಾತ್ರ ಕಾಣೆಯಾಗುತ್ತದೆ.

ಭಯದ ಚಿತ್ರಕ್ಕೆ ಈ ಅವಸ್ಥೆ ಬೇರೆಲ್ಲ ಚಿತ್ರಗಳಿಗಿಂತ ಹೆಚ್ಚಿನ ಹಾನಿಯನ್ನುಂಟುಮಾಡುತ್ತದೆ. ಏಕೆಂದರೆ ಅದರ ಬಂಡವಾಳವೇ ಕತ್ತಲೆ. ಹಣವಿಲ್ಲದ ನಿರ್ದೇಶಕನು ಇರುಳಿನ ದೃಶ್ಯವನ್ನು ಅನೇಕ ವೇಳೆ ಹಗಲಿನಲ್ಲಿಯೇ ತೆಗೆಯುತ್ತಾನೆ. ಬೆಳಕನ್ನು ತಗ್ಗಿಸಿ, ನೀಲಿಯ ಛಾಯೆಯನ್ನು ಕೊಟ್ಟು, ಅಚ್ಚು ಹಾಕುವಾಗ ಅದನ್ನು ರಾತ್ರಿಯನ್ನಾಗಿ ಮಾಡುತ್ತಾನೆ. ಈ ಸೂಚನೆಯನ್ನು ಅರಿಯದೆ ನೆಗೆಟಿವಿನಿಂದ ನೇರವಾಗಿ ಪ್ರತಿ ತೆಗೆದವನು ಆ ರಾತ್ರಿಯನ್ನು ಮತ್ತೆ ಹಗಲಿಗೆ ತಿರುಗಿಸುತ್ತಾನೆ. ಆಗ ಲಾಂದ್ರ ಹಿಡಿದು ನಡುಗುತ್ತ ಬರುವ ನಾಯಕ ನಟ್ಟನಡು ಹಗಲಿನಲ್ಲಿ ಲಾಂದ್ರ ಹಿಡಿದವನಾಗಿ ಕಾಣುತ್ತಾನೆ. ನಗು ಬರುವುದು ಸಹಜ. ಆದರೆ ಆ ನಗೆಗೆ ಕಾರಣ ನಿರ್ದೇಶಕನಲ್ಲ. ಅತಿ ಸ್ಪಷ್ಟತೆಯಿಂದಲೂ ಇಂಥದೇ ಅಪಚಾರವುಂಟಾಗುತ್ತದೆ. ಮೂಲ ನೆಗೆಟಿವಿನಿಂದ ಚಿತ್ರಮಂದಿರದ ಪ್ರತಿಯವರೆಗೆ ಎರಡು ಮೂರು ತಲೆಮಾರು ಇಳಿಯುವಾಗ ಬಿಂಬ ತುಸು ಮಂದವಾಗುವುದೆಂಬುದನ್ನು ಲೆಕ್ಕದಲ್ಲಿಟ್ಟುಕೊಂಡೇ ಪ್ರಸಾಧನಕಾರನು ರಾಕ್ಷಸನ ಮುಖಕ್ಕೆ ರಬ್ಬರನ್ನು ಅಂಟಿಸಿರುತ್ತಾನೆ. ಈಗಿನ ಯಂತ್ರ ಆ ಅಂಟನ್ನೂ ತೋರಿಸುತ್ತದೆ. ಅವನು ತೋರಿಸಬೇಕೆಂದಿದ್ದುದು ಯಾವುದು, ಮರೆಸಬೇಕೆಂದಿದ್ದುದು ಯಾವುದು ಎಂಬ ವಿವೇಚನೆಯಿಲ್ಲದೆ ಯಂತ್ರ ಈ ಪ್ರಶ್ನೆಯನ್ನು ಬಿಡಿಸಲಾರದು.

ಈ ವಿಷಯದಲ್ಲಿ ಮೇಲ್ಪಂಕ್ತಿಯಾಗಬಲ್ಲ ಒಂದು ಉದಾಹರಣೆ ಅಮೆರಿಕದಲ್ಲಿ ದೊರೆಯುತ್ತದೆ. ‘ಮ್ಯಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’ ಎಂಬ ಚಿತ್ರ 1966ರ ನವೆಂಬರ್ 15ರಂದು ಟೆಕ್ಸಾಸಿನ ಎಲ್ ಪಾಸೊ ನಗರದಲ್ಲಿ ಪ್ರಥಮವಾಗಿ ಪ್ರದರ್ಶಿತವಾಯಿತು. ಅದರ ಕರ್ತೃ ಹೆರಾಲ್ಡ್ ವಾರನ್ ಗೊಬ್ಬರದ ವ್ಯಾಪಾರಿ. ಭಯದ ಚಿತ್ರವನ್ನು ಯಾರು ಬೇಕಾದರೂ ತೆಗೆಯಬಹುದೆಂದು ಪಂತ ಕಟ್ಟಿ, ಸುಮಾರು 19,000 ಡಾಲರುಗಳಲ್ಲಿ ಅದನ್ನು ತೆಗೆದನೆಂದು ಪ್ರಸಿದ್ಧಿ. ಕೀಲಿ ಕೊಟ್ಟು ನಡೆಸುವ 16 ಮಿಲಿಮೀಟರ್ ಕ್ಯಾಮರಾ ಒಂದು ಸಲಕ್ಕೆ 32 ಸೆಕೆಂಡುಗಳಷ್ಟು ಮಾತ್ರ ಓಡುತ್ತಿತ್ತು. ಆದುದರಿಂದ ಯಾವ ದೃಶ್ಯಖಂಡವೂ ಅದಕ್ಕಿಂತ ದೀರ್ಘವಾಗಿರಲು ಸಾಧ್ಯವಿರಲಿಲ್ಲ. ಚಿತ್ರೀಕರಣದಲ್ಲಿ ಧ್ವನಿಯನ್ನು ಹಿಡಿಯಲಿಲ್ಲ. ಅನಂತರ ನಾಲ್ಕಾರು ಜನ ಸೇರಿ ಎಲ್ಲ ಪಾತ್ರಗಳಿಗೂ ಕಂಠವನ್ನು ಕೊಟ್ಟರು. ಇರುಳಿನ ದೃಶ್ಯಗಳಲ್ಲಿ ದೀಪದ ಮುಂದೆ ಪತಂಗಗಳು ಹಾರಾಡುತ್ತವೆ. ಪೊಲೀಸರು ಕಾರಿನಿಂದಿಳಿದು ನಾಲ್ಕು ಹೆಜ್ಜೆ ನಡೆದು ಹಿಂದಿರುಗುತ್ತಾರೆ, ಬೆಳಕು ಅದರಿಂದಾಚೆಗೆ ಹೋಗುತ್ತಿರಲಿಲ್ಲವಾದ ಕಾರಣ. ಟಾರ್ಗೊ ಎಂಬ ಸೇವಕ ಆಡಿನ ಕಾಲುಳ್ಳ ಪುರಾಣಜೀವಿಯಾಗಬೇಕೆಂದು ಉದ್ದೇಶವಿತ್ತು. ತೆರೆಯ ಮೇಲೆ ಅವನು ಮೊಣಕಾಲು ಊದಿಕೊಂಡ ಮನುಷ್ಯನಂತೆ ಮಾತ್ರ ಕಾಣುತ್ತಾನೆ. ಮರೆತೇ ಹೋಗಿದ್ದ ಈ ಚಿತ್ರವನ್ನು 1993ರಲ್ಲಿ ಟೆಲಿವಿಷನ್ನಿನ ಹಾಸ್ಯ ಕಾರ್ಯಕ್ರಮವೊಂದು ಎತ್ತಿಕೊಂಡು ಪರಿಹಾಸ ಮಾಡಿತು. ಅಂದಿನಿಂದ ಅದು ಚಿತ್ರಗಳಲ್ಲೆಲ್ಲ ಅಧಮವೆಂದು ಹೆಸರಾಯಿತು.

2011ರಲ್ಲಿ ಬೆನ್ ಸೊಲೊವಿ ಎಂಬ ಯುವ ಛಾಯಾಗ್ರಾಹಕ ಕೊಂಡ ಹಳೆಯ ಸುರುಳಿಗಳ ರಾಶಿಯಲ್ಲಿ ಈ ಚಿತ್ರದ 16 ಮಿಲಿಮೀಟರಿನ ಕೆಲಸದ ಪ್ರತಿ, ಎಂದರೆ ಸಂಕಲನಕ್ಕಾಗಿ ಮೊದಲು ಬಳಸಿದ ಪ್ರತಿ, ದೊರೆಯಿತು. ಅಲ್ಲಿಯವರೆಗೆ ಜನ ನೋಡಿದ್ದೆಲ್ಲ ನಕಲಿನ ನಕಲು. ಇದು ಮಾತೃಕೆಗೆ ಅತಿ ಸಮೀಪದ ಪ್ರತಿ. ಆತ ಸಾರ್ವಜನಿಕರಿಂದ ಸುಮಾರು 48,000 ಡಾಲರುಗಳನ್ನು ಕೂಡಿಸಿ, ಒಂದು ಲಕ್ಷದಷ್ಟು ಬಿಡಿಚಿತ್ರಗಳನ್ನು ಸ್ಕ್ಯಾನ್ ಮಾಡಿ ಶುದ್ಧಗೊಳಿಸಿದ. 2015ರಲ್ಲಿ ಅದು ಬ್ಲೂ ರೇ ತಟ್ಟೆಯಾಗಿ ಹೊರಬಂದಿತು. ನಮ್ಮ ದೃಷ್ಟಿಯಲ್ಲಿ ಆ ಮುದ್ರಣದ ಹಿರಿಮೆ ಶುದ್ಧಿಯಲ್ಲಿ ಮಾತ್ರವಿಲ್ಲ, ಸಂಯಮದಲ್ಲಿದೆ. ಗೀರು, ಧೂಳು, ಕಲೆಗಳು ಹೋದುವು; ಪತಂಗಗಳು ಉಳಿದುವು. ಮಾಸಿದ ಬಣ್ಣ ಮರಳಿತು. ತುಟಿಗೆ ಕೂಡದ ಮಾತು ಹಾಗೆಯೇ ನಿಂತಿತು. ಅಷ್ಟೇ ಅಲ್ಲ, ಶುದ್ಧಗೊಳಿಸದ ಹಳೆಯ ಪ್ರತಿಯನ್ನೂ ಅದೇ ತಟ್ಟೆಯಲ್ಲಿ ಜೊತೆಗಿರಿಸಿದರು. ಅಡಿಯಲ್ಲಿ ಪಾಠಾಂತರಗಳನ್ನು ಕೊಟ್ಟು, ಓದುಗನು ತಾನೇ ತೂಗಿ ನೋಡಲಿ ಎನ್ನುವ ಪ್ರಾಮಾಣಿಕ ಸಂಪಾದಕನ ಕ್ರಮ ಇದೇ ಅಲ್ಲವೆ? ಅಧಮವೆಂದು ಹೆಸರಾದ ಕೃತಿಗೆ ದೊರೆತ ಈ ಗೌರವ ನಮ್ಮ ಎಷ್ಟೋ ಉತ್ತಮ ಚಿತ್ರಗಳಿಗೆ ಇನ್ನೂ ದೊರೆತಿಲ್ಲವೆಂಬುದು ಯೋಚಿಸತಕ್ಕ ವಿಷಯ.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ನಗೆಪಾಟಲಾದ ಚಿತ್ರವನ್ನು ಶುದ್ಧಗೊಳಿಸಿದರೆ ದೊರೆಯುವುದು ಶುದ್ಧವಾದ ನಗೆಪಾಟಲೇ ಅಲ್ಲವೆ? ನಮ್ಮ ಆಲಂಕಾರಿಕರು ಈ ಸ್ಥಿತಿಯನ್ನು ಚೆನ್ನಾಗಿ ಬಲ್ಲರು. ವಿಭಾವಾದಿಗಳು ಅನುಚಿತವಾದಾಗ ರಸವು ರಸಾಭಾಸವಾಗುತ್ತದೆ. ಯಾವ ರಸದ ಆಭಾಸವೇ ಆಗಲಿ, ಅದು ಹಾಸ್ಯಕ್ಕೆ ಎಡೆಗೊಡುತ್ತದೆಂಬುದು ಅಭಿನವಗುಪ್ತನ ಅಭಿಪ್ರಾಯ. ಭಯಾನಕವನ್ನು ಸಾಧಿಸಲು ಹೋಗಿ ಹಾಸ್ಯದಲ್ಲಿ ಮುಗ್ಗರಿಸುವ ಚಿತ್ರ ಇದಕ್ಕೆ ಹೇಳಿಮಾಡಿಸಿದ ದೃಷ್ಟಾಂತ. ಆದರೆ ‘ಮ್ಯಾನೋಸ್’ನ ಶುದ್ಧಪ್ರತಿಯನ್ನು ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ: ಹಿಂದೆ ಜನ ನಕ್ಕ ನಗೆಯಲ್ಲಿ ಒಂದು ಪಾಲು ಪ್ರತಿಯ ಕೊಳೆಗೆ ಸಂದದ್ದು. ಮರುಭೂಮಿಯ ಸಂಜೆಯ ಬೆಳಕು, ಯಜಮಾನನ ಕರಿಯ ನಿಲುವಂಗಿಯ ಮೇಲೆ ರೆಕ್ಕೆಗಳಂತೆ ಹರಡಿದ ಕೆಂಪು ಹಸ್ತಗಳು, ಟಾರ್ಗೊ ಪಾತ್ರಧಾರಿ ಜಾನ್ ರೆನಾಲ್ಡ್ಸನ ತೊದಲಿನಲ್ಲಿರುವ ಒಂದು ಬಗೆಯ ದೈನ್ಯ, ಇವೆಲ್ಲ ಮಬ್ಬಿನಿಂದ ಹೊರಬರುತ್ತವೆ. ಆ ನಟ ಚಿತ್ರ ತೆರೆಕಾಣುವ ಮೊದಲೇ ತೀರಿಕೊಂಡ; ಅವನ ಕೆಲಸಕ್ಕೆ ಉಳಿದಿರುವ ಸಾಕ್ಷಿ ಇದೊಂದೇ. ಚಿತ್ರ ಉತ್ತಮವಾಗಲಿಲ್ಲ, ಆದರೆ ಅದು ಎಷ್ಟರಮಟ್ಟಿಗೆ ಕೆಟ್ಟದ್ದು, ಯಾವ ಅಂಶದಲ್ಲಿ ಕೆಟ್ಟದ್ದು ಎಂದು ನಿಷ್ಕೃಷ್ಟವಾಗಿ ಹೇಳಲು ಈಗ ಸಾಧ್ಯವಾಯಿತು. ವಿಮರ್ಶೆಗೆ ಬೇಕಾದುದು ಇದೇ. ಶುದ್ಧಪಾಠವಿಲ್ಲದ ಕೃತಿಯನ್ನು ಹೊಗಳುವುದೂ ತೆಗಳುವುದೂ ಸಮಾನವಾಗಿ ನಿರಾಧಾರ.

ಎರಡನೆಯ ಉದಾಹರಣೆ ಇದಕ್ಕಿಂತ ಪ್ರಸಿದ್ಧವಾದುದು. ಜಾರ್ಜ್ ರೊಮೆರೊ ಪಿಟ್ಸ್‌ಬರ್ಗಿನ ಗೆಳೆಯರೊಡನೆ ಅಲ್ಪವೆಚ್ಚದಲ್ಲಿ ತೆಗೆದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ 1968ರಲ್ಲಿ ಹೊರಬಂದಿತು. ವಿತರಕರು ಚಿತ್ರದ ಹೆಸರನ್ನು ಬದಲಾಯಿಸಿದಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಂತೆ ಚಿತ್ರ ಯಾರೊಬ್ಬರ ಸ್ವತ್ತೂ ಆಗದೆ ಸಾರ್ವಜನಿಕವಾಯಿತು. ಇದರಿಂದ ಲಾಭವೂ ನಷ್ಟವೂ ಒಟ್ಟಿಗೆ ಆದುವು. ಯಾರು ಬೇಕಾದರೂ ನಕಲು ತೆಗೆದು ಮಾರಿದುದರಿಂದ ಚಿತ್ರ ಮನೆಮನೆಯನ್ನು ಮುಟ್ಟಿತು; ಆದರೆ ಮುಟ್ಟಿದ್ದು ಮಸುಕಾದ, ತುಂಡಾದ ಪ್ರತಿ. 1986ರಲ್ಲಿ ಅದಕ್ಕೆ ಗಣಕಯಂತ್ರದಿಂದ ಬಣ್ಣವನ್ನೂ ಬಳಿದರು. ಕಡೆಗೆ 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವೂ ಫಿಲ್ಮ್ ಫೌಂಡೇಷನ್ ಸಂಸ್ಥೆಯೂ ಸೇರಿ ಮೂಲ ನೆಗೆಟಿವಿನಿಂದ ಅದನ್ನು ಕಪ್ಪು ಬಿಳುಪಿನಲ್ಲಿಯೇ ಉದ್ಧರಿಸಿದುವು. 2018ರಲ್ಲಿ ಅದು ಗೃಹಪ್ರದರ್ಶನದ ತಟ್ಟೆಯಾಗಿಯೂ ಬಂದಿತು. ಬಣ್ಣ ಬಳಿದ ಪ್ರತಿಯನ್ನೂ ಉದ್ಧಾರಗೊಂಡ ಪ್ರತಿಯನ್ನೂ ಅಕ್ಕಪಕ್ಕದಲ್ಲಿಟ್ಟರೆ ಸಂಪಾದನೆಗೂ ಪುನರ್ರಚನೆಗೂ ಇರುವ ಅಂತರ ಕಣ್ಣಿಗೆ ಕಟ್ಟುತ್ತದೆ. ಮೊದಲನೆಯದರಲ್ಲಿ ಹೆಣಗಳ ಮೈಗೆ ಹಸಿರು ಬಂದು ಅವು ಸಂತೆಯ ಮುಖವಾಡಗಳಾಗುತ್ತವೆ. ಎರಡನೆಯದರಲ್ಲಿ ಬೂದುಬಣ್ಣದ ಹೊಲದಲ್ಲಿ ದೂರದಿಂದ ಬರುವವನು ಸತ್ತವನೋ ಬದುಕಿದವನೋ ಎಂಬ ಸಂದೇಹ ನೆಲೆಯಾಗಿ ನಿಲ್ಲುತ್ತದೆ. ಆ ಸಂದೇಹದಲ್ಲಿಯೇ ಭಯದ ಮೂಲವಿದೆ.

ಬಣ್ಣ ಬಳಿಯುವ ಈ ಪದ್ಧತಿ ನಮ್ಮಲ್ಲಿಗೂ ಬಂದಿದೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ವರ್ಣದಲ್ಲಿ ಮರುಬಿಡುಗಡೆಯಾದುವು. ಹೊಸ ತಲೆಮಾರಿನ ಜನ ಚಿತ್ರಮಂದಿರಕ್ಕೆ ಹೋಗಿ ರಾಜಕುಮಾರರ ಅಭಿನಯವನ್ನು ದೊಡ್ಡ ತೆರೆಯ ಮೇಲೆ ಕಂಡರೆಂಬುದು ಸಣ್ಣ ಲಾಭವಲ್ಲ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹಳಗನ್ನಡ ಕಾವ್ಯದ ಹೊಸಗನ್ನಡ ಗದ್ಯಾನುವಾದವನ್ನು ಯಾರೂ ಕಾವ್ಯದ ಮುದ್ರಣವೆಂದು ಕರೆಯುವುದಿಲ್ಲವಷ್ಟೆ. ವರ್ಣಪ್ರತಿಯೂ ಅಂಥದೇ ಒಂದು ಅನುವಾದ. ಕಪ್ಪು ಬಿಳುಪಿನ ಛಾಯಾಗ್ರಾಹಕನು ಬೆಳಕು ನೆರಳುಗಳ ತಾರತಮ್ಯದಿಂದ ಮುಖದ ಮೇಲೆ ಬರೆದ ಭಾವವನ್ನು, ಸೀರೆಯ ಬಣ್ಣ ಯಾವುದಿದ್ದಿರಬಹುದೆಂಬ ಊಹೆ ಅಳಿಸಿಬಿಡುತ್ತದೆ. ಅನುವಾದ ಪ್ರಚಾರವಾಗಲಿ, ಅದರ ಪಕ್ಕದಲ್ಲಿ ಮೂಲವೂ ಅಷ್ಟೇ ಸುಲಭವಾಗಿ, ಅಷ್ಟೇ ಸ್ವಚ್ಛವಾಗಿ ದೊರೆಯುವಂತಿರಬೇಕು. ಮೂಲ ಮಸುಕಾಗಿಯೂ ಅನುವಾದ ಉಜ್ಜ್ವಲವಾಗಿಯೂ ಇರುವ ಸ್ಥಿತಿ ಒದಗಿದರೆ, ಒಂದು ತಲೆಮಾರಿನೊಳಗೆ ಅನುವಾದವೇ ಮೂಲವೆಂಬ ಭ್ರಾಂತಿ ನೆಲೆಗೊಳ್ಳುವುದು ನಿಶ್ಚಯ.

ಈಗ ಕನ್ನಡದ ಭೂತದ ಚಿತ್ರಗಳಿಗೆ ಬರೋಣ. ಮುಖ್ಯವಾಗಿ ಎರಡನ್ನು ಹೆಸರಿಸುತ್ತೇವೆ. ವಿಜಯ್ ನಿರ್ದೇಶಿಸಿ, ಅನಂತನಾಗ್ ಮತ್ತು ಲಕ್ಷ್ಮಿ ಅಭಿನಯಿಸಿದ, ರಾಜನ್ ನಾಗೇಂದ್ರರ ಸಂಗೀತವುಳ್ಳ ‘ನಾ ನಿನ್ನ ಬಿಡಲಾರೆ’ 1979ರಲ್ಲಿ ಬಂದಿತು. ನಾಯಕನನ್ನು ಬಯಸಿ ಸತ್ತ ಹೆಣ್ಣೊಬ್ಬಳ ಪ್ರೇತ ಅವನ ದೇಹವನ್ನೇ ಹೊಕ್ಕು ಕಾಡುತ್ತದೆ. ಹೆಂಡತಿಯ ನಿಷ್ಠೆಗೂ ದೈವಭಕ್ತಿಗೂ ಆ ಪ್ರೇತಕ್ಕೂ ನಡೆಯುವ ಹೋರಾಟವೇ ಕಥೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ ಭಯವನ್ನು ಹುಟ್ಟಿಸುವ ಹೊರೆ ಬಹುಪಾಲು ನಟನ ಮೇಲೆ ಬಿದ್ದಿರುವುದು. ಗಂಡಸಿನ ಮೈಯಲ್ಲಿ ಹೆಣ್ಣಿನ ನಿಲುವು, ನೋಟ, ನಗೆಗಳು ಮೂಡುವಾಗ ಪ್ರೇಕ್ಷಕನಿಗೆ ಆಗುವ ಕಸಿವಿಸಿ ಯಾವ ಯಂತ್ರತಂತ್ರದಿಂದಲೂ ಬರುವಂಥದಲ್ಲ. ದೆವ್ವ ಹಿಡಿದವರನ್ನು ಊರಿನಲ್ಲಿ ಕಂಡು ಬೆಳೆದ ಪ್ರೇಕ್ಷಕರಿಗೆ ಅದು ಪರಕೀಯವಾದ ಭಯವೂ ಅಲ್ಲ. ಇಂಥ ಅಭಿನಯ ನಿಂತಿರುವುದು ಕಣ್ಣಿನ ಸೂಕ್ಷ್ಮಚಲನೆಯಲ್ಲಿ, ಧ್ವನಿಯ ಏರಿಳಿತದಲ್ಲಿ. ಧೂಳನ್ನು ತೆಗೆಯುವ ಆತುರದಲ್ಲಿ ಫಿಲ್ಮಿನ ಸಹಜವಾದ ಕಣಗಳನ್ನೂ ಉಜ್ಜಿಹಾಕಿದರೆ ಮುಖಗಳು ಮೇಣದ ಬೊಂಬೆಗಳಾಗುತ್ತವೆ. ಗೊರಗೊರ ಶಬ್ದವನ್ನು ತೆಗೆಯುವ ಆತುರದಲ್ಲಿ ಉಸಿರಿನ ಸದ್ದನ್ನೂ ಕಳೆದರೆ ಪ್ರೇತ ಮೂಕವಾಗುತ್ತದೆ. ಈ ಚಿತ್ರದ ಭಾವೀ ಸಂಪಾದಕನು ಮೊದಲು ಕಾಯಬೇಕಾದುದು ಇವೆರಡನ್ನು.

ಎರಡನೆಯದು ಉಪೇಂದ್ರರು ನಿರ್ದೇಶಿಸಿದ 1993ರ ‘ಶ್!’. ಚಿತ್ರೀಕರಣಕ್ಕೆ ಬಂದ ತಂಡದ ನಡುವೆಯೇ ಭೂತದ ಭಯ ಹುಟ್ಟುವ ಈ ಕಥೆಯಲ್ಲಿ, ಅಗ್ಗದ ಭಯದ ಚಿತ್ರವೆಂಬ ಪ್ರಕಾರವೇ ಅರ್ಧ ವಸ್ತುವಾಗಿದೆ. ಬಣ್ಣ ಬಳಿದ ದೆವ್ವ ಯಾವುದು, ನಿಜವಾದ ಭಯ ಯಾವುದು ಎಂಬ ಗೊಂದಲವನ್ನು ನಿರ್ದೇಶಕ ಬೇಕೆಂದೇ ಬೆಳೆಸುತ್ತಾನೆ. ಇಂಥ ಕೃತಿಯಲ್ಲಿ ಪ್ರಸಾಧನದ ಒರಟುತನವನ್ನು ಇಂದಿನ ಗಣಕಯಂತ್ರದಿಂದ ನಯಗೊಳಿಸಿದರೆ ಕಥೆಯ ಕೀಲೇ ಕಳಚುತ್ತದೆ. ನಮ್ಮ ಯಕ್ಷಗಾನದ ಬಣ್ಣದ ವೇಷವನ್ನು ಇಲ್ಲಿ ನೆನೆಯಬಹುದು. ಅಕ್ಕಿಹಿಟ್ಟಿನ ಚುಟ್ಟಿಯಿಟ್ಟು, ಕಣ್ಣು ಕೆಂಪಾಗಿಸಿ, ದೊಡ್ಡ ಕಿರೀಟ ತೊಟ್ಟು ಬರುವ ರಾಕ್ಷಸ ನಿಜವಾದ ರಾಕ್ಷಸನಂತಿದ್ದಾನೆಯೇ ಎಂದು ಯಾವ ಸಹೃದಯನೂ ಕೇಳುವುದಿಲ್ಲ. ದೀವಟಿಗೆಯ ಬೆಳಕು, ರಾಳದ ಜ್ವಾಲೆ, ತೆರೆಯ ಹಿಂದಿನ ಅಬ್ಬರ, ಇವುಗಳಿಂದ ಕಟ್ಟಿದ ಒಪ್ಪಂದದಲ್ಲಿ ಅವನು ಭಯಂಕರನಾಗುತ್ತಾನೆ. ದೀವಟಿಗೆಯ ಬದಲು ಹೊನಲು ಬೆಳಕು ಬಿದ್ದ ದಿನ ವೇಷದ ನೂಲು ಕಂಡಿತು. ದೋಷ ವೇಷದ್ದಲ್ಲ, ಬೆಳಕಿನದು. ಅಲ್ಪವೆಚ್ಚದ ಚಿತ್ರದ ಭೂತವೂ ಹೀಗೆ ಒಂದು ಬೆಳಕಿಗೆ, ಒಂದು ತೆರೆಗೆ, ಒಂದು ಕಾಲದ ಕಣ್ಣಿಗೆ ಒಪ್ಪುವಂತೆ ಕಟ್ಟಿದ ವೇಷ. ಆ ಬೆಳಕನ್ನು ಮರಳಿ ಕೊಡುವುದು ಸಂಪಾದಕನ ಕೆಲಸ, ವೇಷವನ್ನು ಬದಲಿಸುವುದಲ್ಲ.

ಈ ಕೆಲಸ ನಮ್ಮ ನಾಡಿಗೆ ಅಸಾಧ್ಯವೆಂದು ಹೇಳುವಂತಿಲ್ಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಮೂಲ ನೆಗೆಟಿವಿನಿಂದ ಉದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಪ್ರಾಚೀನ ಕೃತಿಗಳ ವಿಭಾಗದಲ್ಲಿ ಪ್ರದರ್ಶಿತವಾಯಿತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ನೂ ಅಮೆರಿಕದ ಫಿಲ್ಮ್ ಫೌಂಡೇಷನ್ನಿನ ವಿಶ್ವಚಿತ್ರ ಯೋಜನೆಯೂ ಅದಕ್ಕೆ ಕಾರಣವಾದುವು. ನಿರ್ದೇಶಕರೇ ಕೆಲಸದಲ್ಲಿ ಜೊತೆಗಿದ್ದರು. ಓದುಗರು ಒಂದು ಅಂಶವನ್ನು ಗಮನಿಸಬೇಕು: ರೊಮೆರೊನ ನಡೆದಾಡುವ ಹೆಣಗಳನ್ನೂ ಕಾಸರವಳ್ಳಿಯವರ ಯಮುನಕ್ಕನನ್ನೂ ಉದ್ಧರಿಸಿದುದರಲ್ಲಿ ಒಂದೇ ಸಂಸ್ಥೆಯ ಕೈಯಿದೆ. ಉದಾತ್ತ ಕೃತಿಗೊಂದು, ಜನಸಾಮಾನ್ಯರ ಕೃತಿಗೊಂದು ಎಂಬ ಎರಡು ತಕ್ಕಡಿ ಅಲ್ಲಿಲ್ಲ. ನಮ್ಮಲ್ಲಾದರೋ ಮಾರ್ಗ ದೇಸಿಗಳ ಭೇದ ಚಿತ್ರಗಳ ಉಳಿವಿನ ವಿಷಯದಲ್ಲಿಯೂ ಬಂದು ಕುಳಿತಿದೆ. ಕನ್ನಡ ವಿದ್ವತ್ತಿನ ಚರಿತ್ರೆಯನ್ನು ಬಲ್ಲವರಿಗೆ ಇದು ಹೊಸತಲ್ಲ. ‘ಕವಿರಾಜಮಾರ್ಗ’ 1898ರಲ್ಲಿಯೇ ಅಚ್ಚಾಯಿತು. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಅಚ್ಚಿನ ಬೆಳಕನ್ನು ಕಾಣಲು 1931 ಬರಬೇಕಾಯಿತು. ಬೀಸುವ ಕಲ್ಲಿನ ಪದಗಳಲ್ಲಿ ಸಂಪಾದಿಸತಕ್ಕದ್ದೇನಿದೆ ಎಂದು ಕೇಳಿದವರ ಕಾಲ ಕಳೆಯಿತು. ದೆವ್ವದ ಚಿತ್ರದಲ್ಲಿ ಸಂಪಾದಿಸತಕ್ಕದ್ದೇನಿದೆ ಎಂಬ ಪ್ರಶ್ನೆಯ ಕಾಲ ಮಾತ್ರ ಇನ್ನೂ ಕಳೆದಿಲ್ಲ.

ಹಣದ ಅಭಾವವನ್ನು ಮುಂದೊಡ್ಡುವವರ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಎರಡೂವರೆ ಗಂಟೆಯ ಚಿತ್ರವೆಂದರೆ 2,16,000 ಬಿಡಿಚಿತ್ರಗಳು. ಒಂದೊಂದನ್ನೂ ಕಣ್ಣಿಟ್ಟು ನೋಡಬೇಕು. ಎಲ್ಲ ಚಿತ್ರಗಳಿಗೂ ಈ ಭಾಗ್ಯ ಸಾಧ್ಯವಿಲ್ಲ, ಆಯ್ಕೆ ಅನಿವಾರ್ಯ. ಆದರೆ ಆಯ್ಕೆಗೂ ಮೊದಲು ಮಾಡಬೇಕಾದ, ಹೆಚ್ಚು ಹಣ ಬೇಡದ ಕೆಲಸಗಳಿವೆ. ತಂಪಾದ, ಒಣಗಿದ ಜಾಗದಲ್ಲಿ ಇಟ್ಟ ನೆಗೆಟಿವು ತನ್ನ ಸರದಿಗಾಗಿ ದಶಕಗಳ ಕಾಲ ಕಾಯಬಲ್ಲುದು. ಮಾಳಿಗೆಯ ಬಿಸಿಲಿನಲ್ಲಿಟ್ಟದ್ದು ಕಾಯಲಾರದು. ಅಲ್ಲದೆ ಯಾವುದು ಮುಂದಿನವರಿಗೆ ಅಮೂಲ್ಯವಾಗುತ್ತದೆಂಬುದನ್ನು ಇಂದಿನವರು ನಿರ್ಧರಿಸಲಾರರು. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಓಲೆಕಟ್ಟೊಂದನ್ನು ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದಾಗ ಅದು ಕೌಟಿಲ್ಯನ ‘ಅರ್ಥಶಾಸ್ತ್ರ’ವಾಗಿತ್ತು. ಅದರ ಬೆಲೆಯನ್ನು ಅರಿತವರು ಇಲ್ಲದ ಕಾಲದಲ್ಲಿಯೂ ಅದನ್ನು ಎಸೆಯದೆ ಇಟ್ಟುಕೊಂಡವರು ಇದ್ದರೆಂಬುದೇ ಆ ಕಥೆಯ ಸಾರ.

ಹಾಗಾದರೆ ಮನೆಗಾಗಿ ಸಿದ್ಧವಾಗುವ ಆವೃತ್ತಿಯಲ್ಲಿ ಇರತಕ್ಕ ಲಕ್ಷಣಗಳೇನು? ಮೊದಲನೆಯದಾಗಿ, ಯಾವ ಪ್ರತಿಯಿಂದ ಅದನ್ನು ಸಿದ್ಧಪಡಿಸಲಾಯಿತು, ಎಲ್ಲಿ ಕೊರತೆಯಿತ್ತು, ಅದನ್ನು ಯಾವುದರಿಂದ ತುಂಬಲಾಯಿತು ಎಂಬುದನ್ನು ಚಿತ್ರದ ಆದಿಯಲ್ಲಿಯೇ ಹೇಳಬೇಕು. ಎರಡನೆಯದಾಗಿ, ಚೌಕಟ್ಟು ಮೂಲದ ಅಳತೆಯಲ್ಲಿರಬೇಕು. ತೆರೆಯ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಬರಲಿ. ಮೂರನೆಯದಾಗಿ, ಧ್ವನಿಯನ್ನು ಶುದ್ಧಗೊಳಿಸಬಹುದು, ಹೊಸ ಸದ್ದನ್ನು ಸೇರಿಸಬಾರದು. ಸೇರಿಸಲೇಬೇಕೆಂದರೆ ಹಳೆಯದನ್ನೂ ಬೇರೆಯಾಗಿ ಕೊಡಬೇಕು. ನಾಲ್ಕನೆಯದಾಗಿ, ಕತ್ತಲೆಯನ್ನು ಕತ್ತಲೆಯಾಗಿಯೇ ಉಳಿಸಬೇಕು. ಬಾಪೂಜಿ ನಗರದ ನಡುಮನೆಯಲ್ಲಿ ದೀಪ ಉರಿಯುತ್ತಿರುತ್ತದೆ, ಹೊರಗೆ ಬಸ್ಸುಗಳು ಓಡುತ್ತಿರುತ್ತವೆ ಎಂಬ ಕಾರಣದಿಂದ ಸಂಪಾದಕನು ಇರುಳನ್ನು ಬೆಳ್ಳಗೆ ಮಾಡುವುದು ಆ ಪ್ರೇಕ್ಷಕನಿಗೆ ಮಾಡಿದ ಉಪಕಾರವಲ್ಲ. ದೀಪವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗಿದೆ. ಐದನೆಯದಾಗಿ, ಬದುಕಿರುವ ಛಾಯಾಗ್ರಾಹಕ, ಪ್ರಸಾಧನಕಾರ, ಧ್ವನಿಮುದ್ರಕರನ್ನು ಕೇಳಿ ಅವರ ಮಾತನ್ನು ದಾಖಲಿಸಬೇಕು. ಓಲೆಯ ಸಂಪಾದಕನಿಗೆ ಕವಿಯನ್ನು ಕೇಳುವ ಅವಕಾಶವಿಲ್ಲ. ಚಿತ್ರದ ಸಂಪಾದಕನಿಗೆ ಆ ಅವಕಾಶ ಇನ್ನು ಕೆಲವೇ ವರ್ಷಗಳ ಕಾಲ ಇದೆ.

ಇದರಲ್ಲಿ ವಿಶ್ವವಿದ್ಯಾನಿಲಯಗಳ ಪಾತ್ರ ಸ್ಪಷ್ಟವಾಗಿದೆ. ಹಸ್ತಪ್ರತಿಗಳ ಸೂಚಿಯನ್ನು ಸಿದ್ಧಪಡಿಸಿ ಪ್ರಕಟಿಸುವುದು ನಮ್ಮ ವಿಭಾಗಗಳಿಗೆ ಪರಿಚಿತವಾದ ಕೆಲಸ. ಅದೇ ಕ್ರಮದಲ್ಲಿ ಕನ್ನಡ ಚಿತ್ರಗಳ ನೆಗೆಟಿವು, ಪ್ರತಿ, ಟೇಪುಗಳು ಎಲ್ಲೆಲ್ಲಿ, ಯಾವ ಸ್ಥಿತಿಯಲ್ಲಿವೆ ಎಂಬ ವಿವರಣಾತ್ಮಕ ಸೂಚಿಯೊಂದು ಸಿದ್ಧವಾಗಬೇಕು. ಅದರಲ್ಲಿ ಪ್ರಶಸ್ತಿ ಪಡೆದ ಚಿತ್ರಕ್ಕೂ ಭೂತದ ಚಿತ್ರಕ್ಕೂ ಒಂದೇ ಅಳತೆಯ ಸ್ಥಳವಿರಬೇಕು. ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದೊಡನೆ ಈ ಸೂಚಿಯನ್ನು ಹೋಲಿಸಿ ನೋಡಿದರೆ ಯಾವುದನ್ನು ಮೊದಲು ಉಳಿಸಬೇಕೆಂಬುದು ತಾನಾಗಿಯೇ ತಿಳಿದುಬರುತ್ತದೆ. ಯಾವ ಚಿತ್ರ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಚರ್ಚೆ ಅನಂತರ ನಡೆಯಲಿ; ಚರ್ಚಿಸುವುದಕ್ಕೆ ಚಿತ್ರ ಉಳಿದಿರಬೇಕು. ಇಂದಿನ ಮಕ್ಕಳು ನಾಳೆ ತಮ್ಮ ತಂದೆತಾಯಿಯರು ಹೆದರಿದ ದೆವ್ವವನ್ನು ಕಂಡು ನಗಬಹುದು, ನಗಲಿ. ಆದರೆ ಅವರು ನಗುವುದು ಆ ದೆವ್ವವನ್ನು ಕಂಡೇ ಆಗಿರಬೇಕು, ಅದರ ಮೇಲೆ ಕುಳಿತ ಧೂಳನ್ನು ಕಂಡಲ್ಲ.